‘ಗೊತ್ತಿದ್ದೇ ಸಾಯಲು ಕಳಿಸಿದರಾ?’: ಹಾಂಗ್‌ಕಾಂಗ್‌ಗೆ ಹೋದ ಕೆನಡಾ ಸೈನಿಕರ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಹಾಸನದ ಕಡೆಯವಳು. ಒಂಬತ್ತು ವರ್ಷದಿಂದ ಕೆನಡಾದ ವಿನಿಪೆಗ್‌ನಲ್ಲಿದ್ದೇವೆ. ಪಕ್ಕದ ಮನೆಯಲ್ಲಿ 85 ವರ್ಷದ ಅಜ್ಜ ಒಬ್ಬರೇ ಇದ್ದಾರೆ. ಅವರಿಗೆ ಒಂದು ವರ್ಷ ಆಗಿದ್ದಾಗ ಅವರ ಅಪ್ಪ ವಿನಿಪೆಗ್ ಗ್ರೆನೇಡಿಯರ್ಸ್ ಪಡೆಯ ಜೊತೆ ಹಾಂಗ್‌ಕಾಂಗ್‌ಗೆ ಹೋದರಂತೆ. ಅಲ್ಲಿ ಸೆರೆ ಸಿಕ್ಕಿ, 1944ರ ಆರಂಭದಲ್ಲಿ ಜಪಾನಿನ ನೀಗಾಟದ ಕ್ಯಾಂಪಿನಲ್ಲಿ ತೀರಿಕೊಂಡರಂತೆ. ‘ಯಾರೂ ಉಳಿಯಲ್ಲ ಅಂತ ಗೊತ್ತಿದ್ದೇ ಚರ್ಚಿಲ್ ಕೇಳಿದ, ನಮ್ಮ ಸರ್ಕಾರ ಕೊಟ್ಟುಬಿಟ್ಟಿತು’ ಎಂದು ಅಜ್ಜ ಹೇಳುತ್ತಿರುತ್ತಾರೆ. ಹತ್ತನೇ ಕ್ಲಾಸಿನಲ್ಲಿರುವ ನನ್ನ ಮಗ ಶಾಲೆಯ ಪ್ರಾಜೆಕ್ಟ್‌ಗೆ ಇದೇ ವಿಷಯ ತೆಗೆದುಕೊಂಡಿದ್ದಾನೆ. ಓದಲು ಹೋದರೆ ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ. ಬಂದೂಕು ಹಿಡಿಯಲೂ ಬಾರದ ಹುಡುಗರನ್ನು ಕಳಿಸಿದರು ಎಂದು ಕೆಲವರು. ಭಾರತದ ಸೈನಿಕರು ಓಡಿಹೋಗಿದ್ದರಿಂದ ಸೋತರು ಎಂದು ಇನ್ನು ಕೆಲವರು. ಇದನ್ನು ಓದಿ ಮಗ ಸಪ್ಪಗಾಗಿದ್ದಾನೆ. ನಿಜ ಏನು? ಇನ್ನೊಂದು ಮಾತು. ಅಪ್ಪನ ಫೈಲ್ ತರಿಸಿ ನೋಡಬೇಕಾ ಬೇಡವಾ ಎಂದು ಅಜ್ಜ ನನ್ನನ್ನೇ ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ಇತಿಹಾಸದ್ದು, ಇನ್ನೊಂದು ಆ ಅಜ್ಜನದ್ದು. ಎರಡನೆಯದು ಜಾಸ್ತಿ ಮುಖ್ಯ. ಆದರೆ ಮೊದಲನೆಯದು ಸರಿಯಾಗಿ ಗೊತ್ತಾಗದೆ ಎರಡನೆಯದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಮೂವತ್ತು ವರ್ಷ ಸೇನೆಯ ಇತಿಹಾಸ ಪಾಠ ಮಾಡಿದವನು ನಾನು. ಕೊಡಗು, ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಂದಿರ ಹಳೆ ಟ್ರಂಕು ತೆಗೆದು, ಕಾಗದ ಹರಡಿಕೊಂಡು ಕೂತಿದ್ದೇನೆ. ‘ಗೊತ್ತಿದ್ದೂ ಕಳಿಸಿದರಾ?’ ಎಂಬ ಪ್ರಶ್ನೆ ಆ ಮನೆಗಳಲ್ಲೂ ಬಂದಿದೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಎರಡೂ ಸುಳ್ಳಾಗುತ್ತದೆ.

ಅಜ್ಜನ ಮಾತಿನಲ್ಲಿ ನಿಜ ಎಷ್ಟಿದೆ, ಮೊದಲು ಅದನ್ನು ನೋಡೋಣ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. 1941ರ ಜನವರಿ 7ರಂದು ಬ್ರಿಟನ್ ಪ್ರಧಾನಿ ಚರ್ಚಿಲ್ ತಮ್ಮ ಸೇನಾ ಸಲಹೆಗಾರ ಜನರಲ್ ಇಸ್ಮೇ ಅವರಿಗೆ ಒಂದು ಟಿಪ್ಪಣಿ ಬರೆದರು. ಬ್ರಿಟಿಷ್ ವಸಾಹತಾಗಿದ್ದ ಹಾಂಗ್‌ಕಾಂಗ್‌ನ ದಂಡಿಗೆ ಇನ್ನಷ್ಟು ಜನ ಬೇಕು ಎಂದು ಪೂರ್ವ ದೇಶಗಳ ಸೇನಾ ಮುಖ್ಯಸ್ಥ ಬ್ರೂಕ್-ಪೋಪಮ್ ಕೇಳಿದ್ದರು. ಚರ್ಚಿಲ್ ಖಡಾಖಂಡಿತವಾಗಿ ಬೇಡ ಎಂದರು. ಅವರು ಬರೆದದ್ದು ಇಷ್ಟು: ಇದು ಪೂರ್ತಿ ತಪ್ಪು. ಜಪಾನ್ ಯುದ್ಧಕ್ಕೆ ಬಂದರೆ ಹಾಂಗ್‌ಕಾಂಗನ್ನು ಉಳಿಸಿಕೊಳ್ಳುವುದಾಗಲಿ, ಅಲ್ಲಿಗೆ ನೆರವು ಮುಟ್ಟಿಸುವುದಾಗಲಿ ಸ್ವಲ್ಪವೂ ಸಾಧ್ಯವಿಲ್ಲ. ಅಲ್ಲಿ ಆಗುವ ನಷ್ಟವನ್ನು ನಾವೇ ಯಾಕೆ ದೊಡ್ಡದು ಮಾಡಿಕೊಳ್ಳಬೇಕು. ದಂಡನ್ನು ಹೆಸರಿಗೆ ಮಾತ್ರ ಇರುವಷ್ಟಕ್ಕೆ ಇಳಿಸಬೇಕು. ಇದು ಆ ಟಿಪ್ಪಣಿಯ ಸಾರ. ಅದೇ ವರ್ಷ ಸೆಪ್ಟೆಂಬರ್ 19ರಂದು ಅದೇ ಲಂಡನ್‌ನಿಂದ ಕೆನಡಾಕ್ಕೆ ತಂತಿ ಹೋಯಿತು: ಹಾಂಗ್‌ಕಾಂಗ್‌ಗೆ ಒಂದೋ ಎರಡೋ ಬೆಟಾಲಿಯನ್ ಕೊಡುತ್ತೀರಾ? (ಬೆಟಾಲಿಯನ್ ಅಂದರೆ ಸುಮಾರು ಸಾವಿರ ಸೈನಿಕರ ಪಡೆ.)

ಜನವರಿಯ ಟಿಪ್ಪಣಿ ಕೈಯಲ್ಲಿ ಹಿಡಿದು ಸೆಪ್ಟೆಂಬರ್‌ನ ತಂತಿ ಓದಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನಡುವಿನ ಎಂಟು ತಿಂಗಳನ್ನು ಹಾರಿಸಿ ಓದಿದರೆ ಆ ಸಿಟ್ಟು ತಪ್ಪು ಜಾಗಕ್ಕೆ ಹೋಗುತ್ತದೆ. ಆ ಎಂಟು ತಿಂಗಳಲ್ಲಿ ಏನಾಯಿತು ಎಂಬುದೇ ಇಡೀ ಕಥೆ.

ಹಾಂಗ್‌ಕಾಂಗ್ ಎಲ್ಲಿತ್ತು ಎಂಬುದನ್ನು ಮಗನಿಗೆ ಮ್ಯಾಪಿನಲ್ಲಿ ತೋರಿಸಿ. 1938ರ ಅಕ್ಟೋಬರ್‌ನಲ್ಲೇ ಜಪಾನ್ ಪಕ್ಕದ ಕ್ಯಾಂಟನ್ ನಗರವನ್ನು ಹಿಡಿದಿತ್ತು. ಅಲ್ಲಿಂದ ಮುಂದೆ ಹಾಂಗ್‌ಕಾಂಗ್‌ನ ಮೂರು ಕಡೆ ಕಡಲು, ಒಂದು ಕಡೆ ಜಪಾನ್ ಸೇನೆ. ಹತ್ತಿರದ ದೊಡ್ಡ ಬ್ರಿಟಿಷ್ ನೆಲೆ ಸಿಂಗಾಪುರ, ಎರಡೂವರೆ ಸಾವಿರ ಕಿಲೋಮೀಟರ್ ದೂರ. ಕಾಯ್ ಟಾಕ್ ವಿಮಾನ ನಿಲ್ದಾಣದಲ್ಲಿದ್ದ ಬ್ರಿಟಿಷ್ ಯುದ್ಧ ವಿಮಾನಗಳು ಐದು. ಐದೂ ಹಳೆಯವು. ಊರಲ್ಲಿ ಹದಿನಾರು ಲಕ್ಷದ ಹತ್ತಿರ ಜನ, ಅದರಲ್ಲಿ ಚೀನಾದ ಯುದ್ಧದಿಂದ ಓಡಿಬಂದವರು ಲಕ್ಷಗಟ್ಟಲೆ. ಎಲ್ಲರೂ ಕುಡಿಯುವ ನೀರಿಗೆ ಗುಡ್ಡದ ಮೇಲಿನ ಕೆರೆಗಳನ್ನೇ ನಂಬಿದ್ದರು. ಇಂಥ ಜಾಗ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಹೇಳಲು ದೊಡ್ಡ ಸೇನಾನಿಯೇ ಬೇಕಾಗಿರಲಿಲ್ಲ.

ಮತ್ತೆ ಮನಸ್ಸು ಬದಲಾಗಿದ್ದು ಹೇಗೆ? ಹಾಂಗ್‌ಕಾಂಗ್‌ನ ದಂಡನಾಯಕರಾಗಿದ್ದ ಮೇಜರ್ ಜನರಲ್ ಗ್ರಾಸೆಟ್ 1941ರ ಮಧ್ಯದಲ್ಲಿ ಕೆಲಸ ಬಿಟ್ಟುಕೊಟ್ಟು ಇಂಗ್ಲೆಂಡಿಗೆ ಹೊರಟರು. ಅವರು ಕೆನಡಾದಲ್ಲಿ ಹುಟ್ಟಿದವರು. ದಾರಿಯಲ್ಲಿ ಕೆನಡಾದಲ್ಲಿ ಇಳಿದು ಅಲ್ಲಿನ ಸೇನಾ ಮುಖ್ಯಸ್ಥ ಜನರಲ್ ಕ್ರೆರಾರ್ ಅವರನ್ನು ಕಂಡರು. ಇಬ್ಬರೂ ಕಿಂಗ್‌ಸ್ಟನ್ ಸೈನಿಕ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಗ್ರಾಸೆಟ್‌ಗೆ ಜಪಾನ್ ಸೈನ್ಯದ ಬಗ್ಗೆ ಅಂಥ ಭಯ ಇರಲಿಲ್ಲ. ಇನ್ನೆರಡು ಬೆಟಾಲಿಯನ್ ಸಿಕ್ಕರೆ ಹಾಂಗ್‌ಕಾಂಗ್ ಬಹಳ ದಿನ ತಡೆದು ನಿಲ್ಲಬಹುದು ಎಂದು ಅವರು ನಿಜವಾಗಿ ನಂಬಿದ್ದರು. ಸೆಪ್ಟೆಂಬರ್ 3ರಂದು ಲಂಡನ್‌ನಲ್ಲಿ ಸೇನಾ ಮುಖ್ಯಸ್ಥರ ಮುಂದೆ ಇದನ್ನೇ ಹೇಳಿದರು. ಆ ಎರಡು ಬೆಟಾಲಿಯನ್ ಕೆನಡಾದಿಂದ ಸಿಗಬಹುದು ಎಂದೂ ಸೇರಿಸಿದರು.

ಆಗಿನ ಗಾಳಿ ಹೇಗಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದಿದ್ದ. ಜಪಾನ್ ಕೂಡ ಉತ್ತರಕ್ಕೆ, ಸೈಬೀರಿಯಾದ ಕಡೆಗೆ ತಿರುಗಬಹುದು ಎಂದು ಲಂಡನ್‌ನಲ್ಲಿ ಅನೇಕರು ಎಣಿಸಿದ್ದರು. ಜುಲೈ ಕೊನೆಯಲ್ಲಿ ಅಮೆರಿಕ ಜಪಾನಿನ ಹಣ ತಡೆಹಿಡಿದು ಎಣ್ಣೆ ನಿಲ್ಲಿಸಿತ್ತು. ಜಪಾನ್ ಸ್ವಲ್ಪ ಮೆತ್ತಗಾಗಿದೆ, ಈಗ ಗಟ್ಟಿಯಾಗಿ ನಿಂತು ತೋರಿಸಿದರೆ ಹಿಂಜರಿಯುತ್ತದೆ ಎಂಬ ಭಾವನೆ ಬೆಳೆಯಿತು. ಚೀನಾದಲ್ಲಿ ಜಪಾನ್ ವಿರುದ್ಧ ಒಬ್ಬಂಟಿಯಾಗಿ ಹೋರಾಡುತ್ತಿದ್ದ ಅಲ್ಲಿನ ನಾಯಕ ಚಿಯಾಂಗ್ ಕಾಯ್-ಷೆಕ್‌ಗೂ ಇದರಿಂದ ಧೈರ್ಯ ಬರುತ್ತದೆ ಎಂದು ಲೆಕ್ಕ ಹಾಕಿದರು. ಈ ಸೈನಿಕರನ್ನು ಕೇಳಿದ್ದು ಯುದ್ಧ ಗೆಲ್ಲಲು ಅಲ್ಲ, ಯುದ್ಧ ಆಗದಂತೆ ಹೆದರಿಸಲು. ಈ ಒಂದು ವಾಕ್ಯವನ್ನು ನಿಮ್ಮ ಮಗ ಪ್ರಾಜೆಕ್ಟಿನಲ್ಲಿ ಬರೆದುಕೊಳ್ಳಲಿ. ಹೆದರಿಸಲು ಕಳಿಸಿದ ಪಡೆಗೆ ಕಾದಾಡಲು ಏನೇನು ಬೇಕು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಆ ಮೇಲೆ ನಡೆದ ಅನಾಹುತದ ಬೇರು ನನ್ನ ಪ್ರಕಾರ ಇಲ್ಲೇ ಇದೆ.

ಹಾಗಾಗಿ, ‘ಸಾಯಲಿ ಎಂದೇ ಕಳಿಸಿದರು’ ಎಂಬುದಕ್ಕೆ ಕಾಗದಪತ್ರಗಳ ಬೆಂಬಲ ಇಲ್ಲ. ‘ಯುದ್ಧ ಬಂದರೆ ಉಳಿಸಲು ಆಗುವುದಿಲ್ಲ ಎಂದು ಗೊತ್ತಿತ್ತು, ಯುದ್ಧ ಬರುವುದಿಲ್ಲ ಎಂದು ನಂಬಿ ಕಳಿಸಿದರು’ ಎಂಬುದಕ್ಕೆ ಇದೆ. ಅಪ್ಪನನ್ನು ಕಳೆದುಕೊಂಡ ಮಗನಿಗೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಕಾಣದೇ ಇರಬಹುದು. ಅದನ್ನು ನಾನು ಒಪ್ಪುತ್ತೇನೆ. ಅಜ್ಜನ ಜೊತೆ ಇದಕ್ಕಾಗಿ ವಾದ ಮಾಡಲು ಹೋಗಬೇಡಿ.

ಲಂಡನ್‌ಗೆ ಬೇರೆ ದಾರಿ ಇತ್ತಾ? ಇತ್ತು, ಆದರೆ ಯಾವುದೂ ಹಗುರದ್ದಲ್ಲ. ಚರ್ಚಿಲ್ ಮೊದಲು ಹೇಳಿದಂತೆ ದಂಡನ್ನು ಇಳಿಸಬಹುದಿತ್ತು. ಆಗ ಬ್ರಿಟನ್ ಕೈಬಿಟ್ಟಿತು ಎಂದು ಚೀನಾ ಕುಸಿಯಬಹುದು, ಜಪಾನ್‌ಗೆ ಸುಳಿವು ಸಿಗಬಹುದು ಎಂಬ ಅಂಜಿಕೆ. ಜನವರಿಯ ಟಿಪ್ಪಣಿಯಲ್ಲೂ ಚರ್ಚಿಲ್ ಇದನ್ನು ಬರೆದಿದ್ದರು: ಕಡಿಮೆ ಜನ ಇದ್ದಿದ್ದರೆ ಚೆನ್ನಾಗಿತ್ತು, ಆದರೆ ಈಗ ಯಾರನ್ನಾದರೂ ತೆಗೆದರೆ ಎದ್ದು ಕಾಣುತ್ತದೆ. ನಿಜವಾಗಿ ಕಾಪಾಡಬೇಕೆಂದರೆ ವಿಮಾನ, ಯುದ್ಧನೌಕೆ, ಹತ್ತಾರು ಸಾವಿರ ಸೈನಿಕರ ಒಂದೆರಡು ಡಿವಿಜನ್ ಬೇಕಿತ್ತು. ಅವೆಲ್ಲ ಇಂಗ್ಲೆಂಡಿನಲ್ಲಿ, ಉತ್ತರ ಆಫ್ರಿಕಾದಲ್ಲಿ ಸಿಕ್ಕಿಕೊಂಡಿದ್ದವು. ಇದ್ದ ನಾಲ್ಕು ಬೆಟಾಲಿಯನ್ ಜೊತೆ ಸುಮ್ನೆ ಇದ್ದುಬಿಡಬಹುದಿತ್ತು. ಇದರಲ್ಲೂ ಸೋಲು ಖಚಿತ, ಆದರೆ ಎರಡು ಸಾವಿರ ಜನ ಕಡಿಮೆ ಸೆರೆ ಸಿಗುತ್ತಿದ್ದರು. ಕೊನೆಗೆ ಆರಿಸಿದ್ದು ಮಧ್ಯದ ದಾರಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತೇವಲ್ಲ, ಹಾಗೆ. ಜಪಾನನ್ನು ಹೆದರಿಸಲು ಅದು ತೀರಾ ಚಿಕ್ಕದು. ಕಳೆದುಕೊಳ್ಳಲು ಬಹಳ ದೊಡ್ಡದು.

ಎರಡು ಬೆಟಾಲಿಯನ್ ಸೇರಿದ್ದರಿಂದ ಇನ್ನೊಂದು ತೊಂದರೆಯೂ ಆಯಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಾಂಗ್‌ಕಾಂಗ್ ಅಂದರೆ ಒಂದು ದ್ವೀಪ ಮತ್ತು ಅದರ ಎದುರಿಗೆ ಚೀನಾಕ್ಕೆ ಅಂಟಿಕೊಂಡ ಮುಖ್ಯಭೂಮಿಯ ಭಾಗ. ಮೊದಲಿದ್ದ ಯೋಜನೆಯಲ್ಲಿ ಮುಖ್ಯಭೂಮಿಯ ಕಡೆ ಸ್ವಲ್ಪ ತಡೆದು, ಬೇಗ ದ್ವೀಪಕ್ಕೆ ಹಿಂದೆ ಸರಿದು, ಅಲ್ಲೇ ನಿಲ್ಲುವುದು ಎಂದಿತ್ತು. ಆರು ಬೆಟಾಲಿಯನ್ ಆದ ಮೇಲೆ ಹೊಸ ದಂಡನಾಯಕ ಮೇಜರ್ ಜನರಲ್ ಮಾಲ್ಟ್‌ಬಿ ಮೂರನ್ನು ಮುಖ್ಯಭೂಮಿಯ ಗುಡ್ಡಗಳ ಮೇಲೆ ಹಾಕಿದರು. ಆ ರಕ್ಷಣಾ ಸಾಲಿನ ಹೆಸರು ಜಿನ್ ಡ್ರಿಂಕರ್ಸ್ ಲೈನ್, ಉದ್ದ ಸುಮಾರು 18 ಕಿಲೋಮೀಟರ್. ಒಂದೊಂದು ಬೆಟಾಲಿಯನ್ ಪಾಲಿಗೆ ಆರು ಕಿಲೋಮೀಟರ್ ಗುಡ್ಡಗಾಡು. ಹರಿದ ಬಲೆ ಹಾಸಿ ಮೀನು ಕಾಯ್ದ ಹಾಗೆ. ಅದರ ಕೀಲಿಯಂತಿದ್ದ ಷಿಂಗ್ ಮುನ್ ಕೋಟೆ ಡಿಸೆಂಬರ್ 9ರ ರಾತ್ರಿ ಕೆಲವೇ ಗಂಟೆಗಳಲ್ಲಿ ಬಿತ್ತು. ವಾರಗಟ್ಟಲೆ ನಿಲ್ಲಬೇಕಿದ್ದ ಸಾಲು ನಾಲ್ಕೈದು ದಿನದಲ್ಲಿ ಖಾಲಿಯಾಯಿತು.

ಈಗ ಕೆನಡಾ ಸರ್ಕಾರದ ಪಾಲು. ಇಲ್ಲಿ ನಾನು ಲಂಡನ್ ಮೇಲಿಗಿಂತ ಒಟ್ಟಾವಾ ಮೇಲೆ ಜಾಸ್ತಿ ಬೇಸರ ಇಟ್ಟುಕೊಂಡಿದ್ದೇನೆ. ಪೂರ್ವ ದೇಶಗಳ ಬಗ್ಗೆ ಅವರಿಗೆ ಸ್ವಂತ ಮಾಹಿತಿ ಇರಲಿಲ್ಲ, ಬ್ರಿಟನ್ ಹೇಳಿದ್ದೇ ಮಾಹಿತಿ. ಆದರೂ ‘ಯುದ್ಧ ಬಂದೇಬಿಟ್ಟರೆ ನಮ್ಮವರನ್ನು ಹೊರಗೆ ತರುವುದು ಹೇಗೆ?’ ಎಂದು ಕೇಳಲು ಮಾಹಿತಿ ಬೇಕಿರಲಿಲ್ಲ. ಯುದ್ಧ ಶುರುವಾಗಿ ಎರಡು ವರ್ಷ ಆಗಿತ್ತು. ಕೆನಡಾದ ಭೂಸೇನೆ ಇನ್ನೂ ಒಂದು ದೊಡ್ಡ ಕಾಳಗ ನೋಡಿರಲಿಲ್ಲ, ಜನ ಕೇಳುತ್ತಿದ್ದರು. ಇಂಥ ಹೊತ್ತಿಗೆ ಬಂದ ಕೋರಿಕೆಗೆ ಇಲ್ಲ ಎನ್ನುವುದು ಪ್ರಧಾನಿ ಮೆಕೆಂಜಿ ಕಿಂಗ್ ಸರ್ಕಾರಕ್ಕೆ ಕಷ್ಟವಾಗಿತ್ತು. ಕೆಲವೇ ದಿನಗಳಲ್ಲಿ ಒಪ್ಪಿದರು.

ಯಾರನ್ನು ಕಳಿಸುವುದು? ಆರಿಸಿದ್ದು ಎರಡು ಪಡೆ. ಒಂದು, ಪೂರ್ವದ ಕ್ವಿಬೆಕ್ ಕಡೆಯ ರಾಯಲ್ ರೈಫಲ್ಸ್ ಆಫ್ ಕೆನಡಾ, ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾವಲು ಕೆಲಸ ಮುಗಿಸಿ ಬಂದದ್ದು. ಇನ್ನೊಂದು ನಿಮ್ಮ ಊರಿನ ವಿನಿಪೆಗ್ ಗ್ರೆನೇಡಿಯರ್ಸ್, ಜಮೈಕಾದಲ್ಲಿ ಕಾವಲು ಕಾಯ್ದು ಬಂದದ್ದು. ಸೇನೆಯ ತರಬೇತಿ ವಿಭಾಗ ಮಾಡಿದ್ದ ಪಟ್ಟಿಯಲ್ಲಿ ಎರಡೂ ‘ಸಿ’ ವರ್ಗದಲ್ಲಿದ್ದವು. ಅಂದರೆ ಕಾಳಗಕ್ಕೆ ಕಳಿಸಲು ಸದ್ಯಕ್ಕೆ ಶಿಫಾರಸು ಮಾಡುವುದಿಲ್ಲ ಎಂದು. ಆ ಪಟ್ಟಿ ಮಾಡಿದ ತರಬೇತಿ ನಿರ್ದೇಶಕ ಕರ್ನಲ್ ಲಾಸನ್. ಅವರನ್ನೇ ಬ್ರಿಗೇಡಿಯರ್ ಮಾಡಿ ಈ ಪಡೆಯ ಮುಖ್ಯಸ್ಥರಾಗಿ ಕಳಿಸಿದರು. ಅವರು ಹೋದರು, ವಾಪಸ್ ಬರಲಿಲ್ಲ.

ಆದರೆ ‘ಬಂದೂಕು ಹಿಡಿಯಲೂ ಬಾರದ ಹುಡುಗರು’ ಎಂಬ ಮಾತು ಸರಿಯಲ್ಲ. ಅವರಲ್ಲಿ ಹೆಚ್ಚಿನವರು ಎರಡು ವರ್ಷ ಸಮವಸ್ತ್ರದಲ್ಲಿದ್ದವರು, ಶಿಸ್ತು ಕಲಿತವರು. ಮೊದಲ ಮಹಾಯುದ್ಧ ನೋಡಿದ ಹಿರಿಯರೂ ಇದ್ದರು. ಕಡಿಮೆಯಾಗಿದ್ದು ಬಯಲಲ್ಲಿ ಇಡೀ ಪಡೆಯಾಗಿ ಕಾದಾಡುವ ಅಭ್ಯಾಸ. ಕಾವಲು ಕಾಯುವವರಿಗೆ ಅದು ಸಿಗುವುದಿಲ್ಲ. ಹೊರಡುವ ಮುಂಚೆ ತರಾತುರಿಯಲ್ಲಿ ಸೇರಿಸಿಕೊಂಡವರಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಮೂಲ ತರಬೇತಿಯೇ ಮುಗಿದಿರಲಿಲ್ಲ. ಈ ನೂರು ಜನರ ಕಥೆ ಬೆಳೆದು ಎರಡು ಸಾವಿರ ಜನರ ಕಥೆ ಆಗಿದೆ. ಪಡೆಯಲ್ಲಿ ಇದ್ದವರು ಒಟ್ಟು 1,975 ಜನ, ಇಬ್ಬರು ನರ್ಸ್‌ಗಳೂ ಸೇರಿ.

1941ರ ಅಕ್ಟೋಬರ್ 27ರಂದು ಅವರು ವ್ಯಾಂಕೂವರ್‌ನಿಂದ ಅವಾಟಿಯಾ ಎಂಬ ಹಡಗಿನಲ್ಲಿ ಹೊರಟರು. ಜೊತೆಗೆ ಪ್ರಿನ್ಸ್ ರಾಬರ್ಟ್ ಎಂಬ ಬೆಂಗಾವಲು ಹಡಗು. ಅವರ 212 ವಾಹನಗಳು ಈ ಹಡಗುಗಳಲ್ಲಿ ಇರಲಿಲ್ಲ. ಅವನ್ನು ಡಾನ್ ಹೋಸೆ ಎಂಬ ಸರಕು ಹಡಗಿಗೆ ಹಾಕಿ ಒಂದು ವಾರ ತಡವಾಗಿ ಕಳಿಸಿದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಆ ಹಡಗು ಮನಿಲಾದಲ್ಲೇ ಉಳಿಯಿತು. ಹಾಂಗ್‌ಕಾಂಗ್‌ನ ಕಡಿದಾದ ಗುಡ್ಡಗಳಲ್ಲಿ ಗ್ರೆನೇಡಿಯರ್‌ಗಳು ಮದ್ದುಗುಂಡು, ನೀರು, ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತರು.

ಹೊರಡುವ ಮುಂಚೆಯೇ ಇನ್ನೊಂದು ಗಂಟೆ ಬಾರಿಸಿತ್ತು. ಅಕ್ಟೋಬರ್ 16ರಂದು ಜಪಾನಿನಲ್ಲಿ ಕೊನೊಯೆ ಸರ್ಕಾರ ಬಿದ್ದು, 18ರಂದು ಯುದ್ಧದ ಪರವಾಗಿದ್ದ ಜನರಲ್ ತೋಜೊ ಪ್ರಧಾನಿಯಾದರು. ಸೆಪ್ಟೆಂಬರ್‌ನ ತಂತಿಯ ‘ಜಪಾನ್ ಮೆತ್ತಗಾಗಿದೆ’ ಎಂಬ ಮಾತು ಅಲ್ಲಿಗೆ ಹಳಸಿತ್ತು. ಹಡಗು ಇನ್ನೂ ದಡದಲ್ಲೇ ಇತ್ತು. ಆಮೇಲೆ ಹೊನೊಲುಲುವಿನಲ್ಲಿ ನಿಂತಿತು, ಮನಿಲಾದಲ್ಲಿ ನಿಂತಿತು. ನವೆಂಬರ್ 16ಕ್ಕೆ ಹಾಂಗ್‌ಕಾಂಗ್ ತಲುಪಿತು. ತಿರುಗಿ ಯೋಚಿಸಲು ಮೂರ್ನಾಲ್ಕು ವಾರ ಸಮಯ ಇತ್ತು. ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಇಲ್ಲೇ ನಿಲ್ಲಿಸಿ ಕೇಳುತ್ತಿದ್ದೆ: ಇವತ್ತು ನೀವು ಒಟ್ಟಾವಾದಲ್ಲಿ ಕೂತಿದ್ದೀರಿ, ಏನು ಮಾಡುತ್ತೀರಿ? ವಾಪಸ್ ಕರೆದರೆ ಮಿತ್ರದೇಶಗಳ ಮುಂದೆ ಮುಖ ಹೋಗುತ್ತದೆ, ಜಪಾನ್‌ಗೆ ನಮ್ಮ ಅಳುಕು ಗೊತ್ತಾಗುತ್ತದೆ. ಕರೆಯದಿದ್ದರೆ ಎರಡು ಸಾವಿರ ಮನೆಗಳ ಜೀವ. ಸಿಂಗಾಪುರಕ್ಕೆ ತಿರುಗಿಸಿದ್ದರೆ? ಅದೂ ಮೂರು ತಿಂಗಳಲ್ಲಿ ಬಿತ್ತು, ಅಲ್ವಾ? ನಿಮ್ಮ ಮಗನಿಗೂ ಈ ಪ್ರಶ್ನೆ ಕೊಡಿ. ಉತ್ತರ ಸುಲಭವಾಗಿ ಬರುವುದಿಲ್ಲ. ಆದರೆ ಆ ಮೂರು ವಾರದಲ್ಲಿ ಅಧಿಕಾರದಲ್ಲಿದ್ದವರು ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಲೇ ಇಲ್ಲ. ಅದನ್ನು ನಾನು ಕ್ಷಮಿಸಲಾರೆ.

ಕಾಳಗದ ವಿವರ ಚಿಕ್ಕದಾಗಿ ಹೇಳುತ್ತೇನೆ. ಹಾಂಗ್‌ಕಾಂಗ್‌ಗೆ ಕಾಲಿಟ್ಟ ಮೂರು ವಾರಕ್ಕೆ, ಡಿಸೆಂಬರ್ 8ರ ಬೆಳಿಗ್ಗೆ, ಜಪಾನಿನ 38ನೇ ಡಿವಿಜನ್ ಗಡಿ ದಾಟಿತು. 13ರ ಹೊತ್ತಿಗೆ ಮುಖ್ಯಭೂಮಿ ಹೋಯಿತು. ಶರಣಾಗಿ ಎಂದು ಎರಡು ಸಲ ಹೇಳಿಕಳಿಸಿದರು, ಗವರ್ನರ್ ಮಾರ್ಕ್ ಯಂಗ್ ಎರಡು ಸಲವೂ ಒಪ್ಪಲಿಲ್ಲ. 18ರ ರಾತ್ರಿ ಜಪಾನಿಯರು ದ್ವೀಪಕ್ಕೆ ಇಳಿದರು. 19ನೇ ತಾರೀಖು ಅತಿ ಕೆಟ್ಟ ದಿನ. ದ್ವೀಪದ ನಡುವಿನ ವಾಂಗ್ ನಾಯ್ ಚುಂಗ್ ಕಣಿವೆಯಲ್ಲಿ ಲಾಸನ್ ಅವರ ಕೇಂದ್ರವನ್ನೇ ಸುತ್ತುವರಿದರು. ಹೊರಗೆ ಹೋಗಿ ಹೋರಾಡುತ್ತೇವೆ ಎಂದು ಮಾಲ್ಟ್‌ಬಿಗೆ ತಿಳಿಸಿ ಅವರು ಹೊರಗೆ ಬಂದರು, ಅಲ್ಲೇ ಸತ್ತರು. ಅದೇ ದಿನ ಮೌಂಟ್ ಬಟ್ಲರ್ ಗುಡ್ಡದಲ್ಲಿ ಗ್ರೆನೇಡಿಯರ್ಸ್‌ನ ಸಾರ್ಜೆಂಟ್ ಮೇಜರ್ ಜಾನ್ ಆಸ್ಬರ್ನ್, ತಮ್ಮವರ ನಡುವೆ ಬಿದ್ದ ಗ್ರೆನೇಡ್ ಮೇಲೆ ತಾವೇ ಬಿದ್ದು ಜೀವ ಬಿಟ್ಟರು. ಈ ಕಾಳಗಕ್ಕೆ ಸಿಕ್ಕಿದ ಒಂದೇ ವಿಕ್ಟೋರಿಯಾ ಕ್ರಾಸ್ (ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ) ಅವರದು. ಅವರ ಹೆಸರಿನ ರಸ್ತೆ, ಫಲಕ ನಿಮ್ಮ ಊರಿನಲ್ಲಿ ಕಂಡರೆ ಮಗನಿಗೆ ತೋರಿಸಿ. ಆ ಕಣಿವೆಯಲ್ಲಿ ಗ್ರೆನೇಡಿಯರ್ಸ್‌ನ ಒಂದು ಕಂಪನಿ ಮದ್ದುಗುಂಡು ಮುಗಿಯುವ ತನಕ, 22ರವರೆಗೆ, ಮುಖ್ಯ ರಸ್ತೆಯನ್ನು ಬಿಡಲಿಲ್ಲ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಹಾಂಗ್‌ಕಾಂಗ್ ಶರಣಾಯಿತು.

ಭಾರತದ ಸೈನಿಕರು ಓಡಿಹೋದರು ಎಂಬ ಮಾತಿಗೆ ಬರೋಣ. ನಿಮ್ಮ ಮಗ ಇದನ್ನು ಓದಿ ನೊಂದುಕೊಂಡಿದ್ದಾನೆ ಎಂದಿರಿ. ಅವನಿಗೆ ಹೀಗೆ ಹೇಳಿ. ಹಾಂಗ್‌ಕಾಂಗ್‌ನ ಆರು ಬೆಟಾಲಿಯನ್‌ಗಳಲ್ಲಿ ಎರಡು ಭಾರತದವು: 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್, 14ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್. ಫಿರಂಗಿ ದಳದಲ್ಲೂ ಬಹಳ ಜನ ಪಂಜಾಬಿನ ಮುಸ್ಲಿಮರು, ಸಿಖ್ಖರು. ಮುಖ್ಯಭೂಮಿಯಿಂದ ಎಲ್ಲರೂ ದಾಟುವ ತನಕ ಡೆವಿಲ್ಸ್ ಪೀಕ್‌ನಲ್ಲಿ ಶತ್ರುವನ್ನು ತಡೆದು, 13ರಂದು ಕೊನೆಯದಾಗಿ ದಾಟಿದವರು ರಜಪೂತರು. ಐದು ದಿನದ ಮೇಲೆ ಜಪಾನಿಯರು ದ್ವೀಪಕ್ಕೆ ಇಳಿದದ್ದು ಅದೇ ರಜಪೂತರು ಕಾಯುತ್ತಿದ್ದ ದಡಕ್ಕೆ. ಆ ಒಂದು ರಾತ್ರಿಯಲ್ಲಿ ಅವರ ಬೆಟಾಲಿಯನ್ ಹೆಚ್ಚುಕಡಿಮೆ ಇಲ್ಲವಾಯಿತು. ಹಾಂಗ್‌ಕಾಂಗ್‌ನಲ್ಲಿ ಅಷ್ಟು ಪೆಟ್ಟು ತಿಂದ ಪಡೆಗಳು ಕಡಿಮೆ.

ಅವರಲ್ಲೊಬ್ಬರು ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ, ಹೈದರಾಬಾದಿನವರು. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರು ಇದ್ದವು. ಸೆರೆಯಲ್ಲಿ ಜಪಾನಿಯರು ಅವರನ್ನು ತಮ್ಮ ಕಡೆಗೆ ಸೆಳೆಯಲು ನೋಡಿದರು. ಉಪವಾಸ ಕೆಡವಿದರು, ಹಿಂಸೆ ಕೊಟ್ಟರು. ಅವರು ಬಗ್ಗಲಿಲ್ಲ. 1943ರ ಅಕ್ಟೋಬರ್ 29ರಂದು ಅವರನ್ನು ಬೇರೆ ಸೆರೆಯಾಳುಗಳ ಜೊತೆ ಕೊಂದರು. ಆಮೇಲೆ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟಿತು. ಹಾಂಗ್‌ಕಾಂಗ್‌ನ ಸ್ಟ್ಯಾನ್ಲಿಯ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಹಾಗಾದರೆ ಓಡಿಹೋದರು ಎಂಬ ಕಥೆ ಹುಟ್ಟಿದ್ದು ಎಲ್ಲಿ? ಸೋತ ಪಡೆಗಳು ಸೆರೆಮನೆಯಲ್ಲಿ ಕೂತು ವರದಿ ಬರೆದವು. ಮೂಲ ಡೈರಿಗಳು ಸುಟ್ಟುಹೋಗಿದ್ದವು, ಕಳೆದುಹೋಗಿದ್ದವು. ನೆನಪಿನಿಂದ, ಹಸಿದ ಹೊಟ್ಟೆಯಲ್ಲಿ, ತನ್ನ ಪಕ್ಕದ ಪಡೆಯ ಮೇಲಿನ ಸಿಟ್ಟಿನಲ್ಲಿ ಬರೆದದ್ದು. ಬ್ರಿಟಿಷ್ ಅಧಿಕಾರಿಗಳು ಕೆನಡಿಯನ್ನರನ್ನು ದೂರಿದರು, ಕೆನಡಿಯನ್ನರು ಬ್ರಿಟಿಷರ ಅಪ್ಪಣೆಗಳನ್ನು ದೂರಿದರು, ಷಿಂಗ್ ಮುನ್ ಬಿದ್ದದ್ದಕ್ಕೆ ಅದನ್ನು ಕಾಯುತ್ತಿದ್ದ ಬ್ರಿಟನ್ನಿನ ರಾಯಲ್ ಸ್ಕಾಟ್ಸ್ ಪಡೆಯನ್ನು ಎಲ್ಲರೂ ದೂರಿದರು. ಭಾರತದ ಸಿಪಾಯಿಗಳ ಪರ ಇಂಗ್ಲಿಷಿನಲ್ಲಿ ವರದಿ ಬರೆಯುವವರು ಕಡಿಮೆ ಇದ್ದರು, ಅವರ ಅಧಿಕಾರಿಗಳಲ್ಲಿ ಬಹಳ ಜನ ಸತ್ತಿದ್ದರು. ಯಾವ ವರದಿ ಓದಿದರೂ ‘ಇದನ್ನು ಯಾರು, ಎಲ್ಲಿ ಕೂತು ಬರೆದರು?’ ಎಂದು ಮಗ ಮೊದಲು ಕೇಳಿಕೊಳ್ಳಲಿ.

ಇಂಥ ತೀರ್ಮಾನ ಒಂದು ಸಲಕ್ಕೆ ನಿಲ್ಲಲಿಲ್ಲ ಎಂಬುದನ್ನೂ ಸೇರಿಸಬೇಕು. 1942ರ ಜನವರಿಯಲ್ಲಿ ಬ್ರಿಟಿಷರ ಕೈಯಲ್ಲಿದ್ದ ಮಲಯ (ಈಗ ಮಲೇಷ್ಯಾದ ಭಾಗ) ಕುಸಿಯುತ್ತಿರುವಾಗ ಭಾರತದ 45ನೇ ಬ್ರಿಗೇಡನ್ನು ಅಲ್ಲಿ ಇಳಿಸಿದರು. ಬಹುಪಾಲು ಹೊಸದಾಗಿ ಸೇರಿದ ಹುಡುಗರು. ಅದೇ ತಿಂಗಳು ಮೂವಾರ್ ನದಿಯ ಹತ್ತಿರ ಆ ಬ್ರಿಗೇಡ್ ನಾಶವಾಯಿತು. ಅದಾದ ಮೇಲೂ ಭಾರತದ 44ನೇ ಬ್ರಿಗೇಡ್, ಬ್ರಿಟನ್ನಿನ 18ನೇ ಡಿವಿಜನ್ ಸಿಂಗಾಪುರಕ್ಕೆ ಬಂದಿಳಿದವು. ಫೆಬ್ರವರಿ 15ಕ್ಕೆ ಎಲ್ಲರೂ ಸೆರೆಯಾಳುಗಳು.

ಕೆನಡಾದಲ್ಲಿ ವಿಚಾರಣೆ ನಡೆಯಿತು. ಮುಖ್ಯ ನ್ಯಾಯಮೂರ್ತಿ ಲೈಮನ್ ಡಫ್ ಒಬ್ಬರೇ ಇದ್ದ ಆಯೋಗ 1942ರ ಜೂನ್‌ನಲ್ಲಿ ವರದಿ ಕೊಟ್ಟಿತು. ವಾಹನ ತಲುಪದ್ದಕ್ಕೆ ತಪ್ಪು ಹಿಡಿಯಿತು, ಕಳಿಸಿದ್ದು ಸರಿ ಎಂದಿತು. ಸೈನಿಕರು ಇನ್ನೂ ಕ್ಯಾಂಪಿನಲ್ಲಿ ಸಾಯುತ್ತಿರುವಾಗ ಬಂದ ವರದಿ ಅದು. ಅಜ್ಜನಂಥವರ ಮನೆಗಳಲ್ಲಿ ಸಿಟ್ಟು ಎಂಬತ್ತು ವರ್ಷ ಆರದೇ ಉಳಿದದ್ದಕ್ಕೆ ಇದೂ ಒಂದು ಕಾರಣ.

ಇನ್ನು ಕ್ಯಾಂಪು. ಇದನ್ನು ನೀವು ಮೊದಲೇ ತಿಳಿದಿರಬೇಕು, ಯಾಕೆಂದರೆ ಫೈಲಿನಲ್ಲಿ ಇದೇ ಇರುತ್ತದೆ. ಕಾಳಗದಲ್ಲಿ ಸತ್ತ ಕೆನಡಿಯನ್ನರು ಸುಮಾರು 290. ಸೆರೆಯಲ್ಲಿ ಸತ್ತವರೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 550ಕ್ಕೂ ಜಾಸ್ತಿ ಜನ ಮನೆಗೆ ಬರಲಿಲ್ಲ. ಮೊದಲು ಹಾಂಗ್‌ಕಾಂಗ್‌ನಲ್ಲೇ ನಾರ್ತ್ ಪಾಯಿಂಟ್, ಷಾಮ್ ಷುಯ್ ಪೊ ಕ್ಯಾಂಪುಗಳು. ಪಾಲಿಷ್ ಮಾಡಿದ ಅಕ್ಕಿಯ ಅನ್ನ, ಸ್ವಲ್ಪ ಸೊಪ್ಪು. ಬೆರಿಬೆರಿ, ಆಮಶಂಕೆ, 1942ರಲ್ಲಿ ಡಿಫ್ತೀರಿಯಾ. ವಿಟಮಿನ್ ಇಲ್ಲದೆ ಪಾದದ ನರಗಳು ಹಾಳಾಗಿ ರಾತ್ರಿಯಿಡೀ ಕರೆಂಟ್ ಹೊಡೆದ ಹಾಗೆ ಉರಿಯುತ್ತಿತ್ತು, ತಣ್ಣೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. 1942ರ ಆಗಸ್ಟ್‌ನಲ್ಲಿ ತಪ್ಪಿಸಿಕೊಳ್ಳಲು ಹೋದ ನಾಲ್ವರು ಗ್ರೆನೇಡಿಯರ್‌ಗಳನ್ನು ಹಿಡಿದು ಕೊಂದರು. 1943ರಿಂದ ಗುಂಪು ಗುಂಪಾಗಿ ಜಪಾನಿಗೆ ಸಾಗಿಸಿದರು. ನೀಗಾಟ ಅಂಥ ಒಂದು ಜಾಗ, ಹಿಮ ಬೀಳುವ ಬಂದರು. ಕಲ್ಲಿದ್ದಲು ಹೊರುವುದು, ಹಡಗು ಇಳಿಸುವುದು, ಎರಕದ ಕಾರ್ಖಾನೆ. 1943-44ರ ಚಳಿಗಾಲ ಅಲ್ಲಿ ತುಂಬ ಜನರನ್ನು ತೆಗೆದುಕೊಂಡಿತು. 1944ರ ಜನವರಿ 1ರಂದು ಒಂದು ಬ್ಯಾರಕ್ ಕುಸಿದು ಮಲಗಿದ್ದವರು ಸತ್ತರು. ಅಜ್ಜನ ಅಪ್ಪ ಹೋದದ್ದು ಇದೇ ಚಳಿಗಾಲದಲ್ಲಿ.

ಫೈಲ್ ತರಿಸಬೇಕಾ? ಸೇವೆಯಲ್ಲಿದ್ದಾಗಲೇ ಸತ್ತ ಕೆನಡಾ ಸೈನಿಕರ ಎರಡನೇ ಮಹಾಯುದ್ಧದ ಫೈಲ್‌ಗಳನ್ನು ಕೆನಡಾದ ರಾಷ್ಟ್ರೀಯ ಪತ್ರಾಗಾರ ಎಲ್ಲರಿಗೂ ತೆರೆದಿಟ್ಟಿದೆ. ಸಿಗುವುದು ಕಷ್ಟವಲ್ಲ. ಅಪ್ಪನ ಸೇನಾ ನಂಬರ್ ಮನೆಯಲ್ಲಿರುವ ಪದಕ, ತಂತಿ, ಹಳೆ ಕಾಗದಗಳಲ್ಲಿ ಎಲ್ಲಾದರೂ ಇರುತ್ತದೆ. ವಿನಿಪೆಗ್ ಕಡೆಯವರ ನಂಬರ್ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ಅದರಿಂದ ಹುಡುಕಿದರೆ ಅದೇ ಹೆಸರಿನ ಬೇರೆಯವರ ಫೈಲ್ ಕೈಗೆ ಬರುವುದಿಲ್ಲ. ಹಾಂಗ್‌ಕಾಂಗ್ ಸೈನಿಕರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಹಾಂಗ್‌ಕಾಂಗ್ ವೆಟರನ್ಸ್ ಸ್ಮರಣಾ ಸಂಘ ಒಂದಿದೆ. ಒಬ್ಬೊಬ್ಬ ಸೈನಿಕನ ಬಗ್ಗೆಯೂ ಅವರು ಮಾಹಿತಿ ಕೂಡಿಟ್ಟಿದ್ದಾರೆ. ಮೊದಲು ಅವರಿಗೆ ಬರೆಯುವುದು ನನಗೆ ಸರಿ ಕಾಣುತ್ತದೆ. ಫೈಲ್ ಒಣಗಿದ ಕಾಗದ. ಅಲ್ಲಿ ಮನುಷ್ಯರು ಸಿಗುತ್ತಾರೆ, ಅಜ್ಜನ ವಯಸ್ಸಿನವರೇ, ಅಜ್ಜನಂತೆಯೇ ಅಪ್ಪನ ಮುಖ ನೆನಪಿಲ್ಲದವರು.

ತೆರೆದರೆ ಏನಾಗಬಹುದು? ಸಾವಿನ ಕಾರಣ ಒಂದೇ ಶಬ್ದದಲ್ಲಿ ಬರೆದಿರುತ್ತದೆ, ನ್ಯುಮೋನಿಯಾ ಎಂದೋ, ಬೆರಿಬೆರಿ ಎಂದೋ. ತೂಕದ ಲೆಕ್ಕ ಇರಬಹುದು. ಕುಡಿ‌ದದ್ದಕ್ಕೆ, ರಜೆ ಮೀರಿದ್ದಕ್ಕೆ ಸಿಕ್ಕ ಶಿಕ್ಷೆಗಳ ಪಟ್ಟಿ ಇರಬಹುದು. ಗಂಡ ಬದುಕಿದ್ದಾನಾ ಎಂದು ಅಜ್ಜನ ಅಮ್ಮ ಸರ್ಕಾರಕ್ಕೆ ಬರೆದ ಕಾಗದಗಳು ಇರಬಹುದು, ಅವಳ ಕೈಬರಹದಲ್ಲೇ. ಬೆಳಗಾವಿಯ ಒಂದು ಮನೆಯಲ್ಲಿ ಅಂಥದ್ದೊಂದು ಕಾಗದ ಓದಿ 70 ದಾಟಿದ ಮಗ ಎರಡು ದಿನ ಊಟ ಬಿಟ್ಟದ್ದನ್ನು ನೋಡಿದ್ದೇನೆ. ಮೂರನೇ ದಿನ ಅವರೇ ಬಂದು ಅದಕ್ಕೊಂದು ಫ್ರೇಮ್ ಹಾಕಿಸಿಕೊಡಿ ಎಂದರು. ತೆರೆಯದೇ ಇದ್ದರೂ ನಷ್ಟ ಇದೆ. ಅಜ್ಜನಿಗೆ 85, ಮುಂದೆ ಎಂದೋ ನೋಡೋಣ ಎನ್ನುವ ಕಾಲ ಇದಲ್ಲ. ತಿಳಿಯದ ಕೊನೆಯನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡದ್ದು ಎಷ್ಟೋ ಸಲ ನಿಜಕ್ಕಿಂತ ಭಯಂಕರವಾಗಿರುತ್ತದೆ.

ನನಗೆ ಕೇಳಿದರೆ ತರಿಸಿ. ಆದರೆ ಅಜ್ಜ ಒಪ್ಪಿದರೆ ಮಾತ್ರ, ಅವರ ಹೆಸರಿನಲ್ಲೇ. ಬಂದ ಮೇಲೆ ಅವರು ಹೂಂ ಎಂದರೆ ನೀವು ಮೊದಲು ಓದಿ. ಮಗ ಪಕ್ಕದಲ್ಲಿರಲಿ, ಆದರೆ ಪ್ರಾಜೆಕ್ಟ್‌ಗಾಗಿ ಅದರಿಂದ ಏನನ್ನೂ ಅಜ್ಜನ ಅಪ್ಪಣೆ ಇಲ್ಲದೆ ತೆಗೆಯಬಾರದು. ಅಜ್ಜ ಕೇಳಿದಷ್ಟಕ್ಕೆ ಉತ್ತರ ಕೊಡಿ. ‘ನೋವು ತಿಂದರಾ?’ ಎಂದು ಕೇಳಿದರೆ ಸುಳ್ಳು ಹೇಳಬೇಡಿ, ವಿವರಕ್ಕೂ ಇಳಿಯಬೇಡಿ. ‘ಸುಮ್ನೆ ಸತ್ತರಾ?’ ಎಂದು ಕೇಳಿದರೆ ವಾಂಗ್ ನಾಯ್ ಚುಂಗ್ ಕಣಿವೆಯ ಮೂರು ದಿನ ಹೇಳಿ. ಕಳಿಸಿದ ತೀರ್ಮಾನ ತಪ್ಪಾಗಿತ್ತು, ಆದರೆ ಅಲ್ಲಿ ನಿಂತವರು ತಪ್ಪು ಮಾಡಿರಲಿಲ್ಲ. ಈ ಎರಡನ್ನು ಬೇರೆ ಮಾಡಿ ಹೇಳುವವರು ಅಜ್ಜನಿಗೆ ಇಷ್ಟು ವರ್ಷ ಸಿಕ್ಕಿಲ್ಲ ಅನ್ನಿಸುತ್ತದೆ. 2011ರ ಡಿಸೆಂಬರ್‌ನಲ್ಲಿ ಜಪಾನ್ ಸರ್ಕಾರ ಈ ಕೆನಡಾ ಸೆರೆಯಾಳುಗಳ ಕ್ಷಮೆ ಕೇಳಿತು. ಅದು ಅವರಿಗೆ ಗೊತ್ತಾ ಎಂದು ಕೇಳಿ ನೋಡಿ.

ಇನ್ನೊಂದು. ಜಪಾನಿನ ಕ್ಯಾಂಪುಗಳಲ್ಲಿ ಸತ್ತ ಕೆನಡಿಯನ್ನರನ್ನು ಯುದ್ಧ ಮುಗಿದ ಮೇಲೆ ಯೊಕೊಹಾಮಾದ ಕಾಮನ್‌ವೆಲ್ತ್ ಸ್ಮಶಾನಕ್ಕೆ ತಂದು ಇಟ್ಟಿದ್ದಾರೆ. ಅದೇ ಆವರಣದಲ್ಲಿ ಭಾರತದ ಸೈನಿಕರಿಗೂ ಒಂದು ಭಾಗ ಇದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಹೆಸರು, ನಂಬರ್ ಹಾಕಿದರೆ ಯಾವ ಸಾಲು, ಎಷ್ಟನೇ ಕಲ್ಲು ಎಂದು ತಿಳಿಯುತ್ತದೆ. ಇದಕ್ಕೆ ಫೈಲ್ ಬೇಕಿಲ್ಲ, ಐದು ನಿಮಿಷ ಸಾಕು. ಫೈಲ್ ವಿಷಯ ತೀರ್ಮಾನ ಆಗುವ ಮುಂಚೆ, ಈ ವಾರವೇ, ಮಗನ ಕೈಯಲ್ಲಿ ಅದೊಂದನ್ನು ಹುಡುಕಿಸಿ. ಸಾಲಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅಜ್ಜನ ಮನೆಗೆ ಹೋಗಿ ಕೊಡಿ.